ಅರವತ್ತು ಥೌ

ಗೋಣಿಯಲ್ಲಿ ಸುತ್ತಿ ತಂದಿದ್ದರು ಸುಗಂಧಿ ಶೆಡ್ತಿ
ನಲವತ್ತೆಂಟರ ವಿಲ್ಲೀಸ್ ಜೀಪಿನ ಹೆಡ್ಡು.
ಎರಡು ದೊಡ್ಡ ಅಂಜಲಿನ ತೂಕ.
ಮೇಜಿನ ಮೇಲಿಟ್ಟು ಸೆರಗಿಗೆ ಕೈ ಒರೆಸಿ
"ಬಾವುಟಗುಡ್ಡೆ ಏರುವಾಗ ಸೆಕೆಂಡಲ್ಲೂ ಏದುತ್ತದೆ ಪೊರ್ಬುಗಳೇ,
ಹಿಂದಿನಿಂದ ಸಿಟಿ ಬಸ್ಸಿನವ ಹಾರ್ನ್ ಹಾಕಿ ಹಾಕಿ
ಮರ್ಯಾದೆ ತೆಗೆಯುತ್ತಾನೆ.
ಇದರ ತಲೆ ಬೋಳಿಸಿ.
ನನ್ನದು ಬೇಡ" ಎಂದರು.

ಬೊನಿಫಾಸ್ ಪೊರ್ಬುಗಳು ನಗಲಿಲ್ಲ.
ಕನ್ನಡಕ ಹಣೆಗೇರಿಸಿ, ಉಕ್ಕಿನ ಪಟ್ಟಿ ಅಡ್ಡ ಇಟ್ಟು
ಅದರ ಹಿಂದೆ ಟಾರ್ಚು ಹಿಡಿದರು.
ಮೂರನೆಯ ಸಿಲಿಂಡರಿನ ಬಳಿ ಬೆಳಕು ಸೋರಿತು.
"ಹೇಗೂ ನೇರ ಮಾಡಬೇಕು,
ಮಾಡುವಾಗ ಸ್ವಲ್ಪ ಹೆಚ್ಚೇ ತೆಗೆಯುವ."

ಜೆಪ್ಪುವಿನ ಹಂಚಿನ ಕಾರ್ಖಾನೆಯ ಚಿಮಿಣಿ
ಹೊಗೆ ಬಿಟ್ಟು ಆಗಲೇ ಎರಡು ವರ್ಷ.
ಅದರ ಗೋಡೆಗೊರಗಿ ನಮ್ಮ ವರ್ಕ್‌ಶಾಪ್.
ನನಗೆ ಹತ್ತೊಂಬತ್ತು,
ಎಲ್ಲವೂ ಹೆಚ್ಚು ಬೇಕಿದ್ದ ಪ್ರಾಯ.

ಈ ಇಂಜಿನ್ನಿನ ತಲೆಯಲ್ಲಿ ಏನೂ ಇಲ್ಲ,
ಬರಿಯ ಮುಚ್ಚಳ.
ವಾಲ್ವುಗಳೆಲ್ಲ ಪಕ್ಕದಲ್ಲಿ, ಬ್ಲಾಕಿನೊಳಗೆ,
ಬಾವಿಯ ಕಪ್ಪೆಗಳಂತೆ ಕೆಳಗಿನಿಂದ ಎದ್ದು ಮುಳುಗುತ್ತವೆ.
ಮುಚ್ಚಳ ತಗ್ಗಿದಷ್ಟೂ ಕೋಣೆ ಕಿರಿದು,
ಕೋಣೆ ಕಿರಿದಾದಷ್ಟೂ
ಕಿಡಿ ತಾಗುವಾಗ ಒಳಗಿದ್ದದ್ದಕ್ಕೆ ಸಿಟ್ಟು ಹೆಚ್ಚು.

ಗಾಜಿನ ಹಲಗೆ ಮುಚ್ಚಿ ತೂತಿನಿಂದ ಸೀಮೆಎಣ್ಣೆ ಬಿಟ್ಟೆವು,
ಯಾವುದೋ ಕಾಲೇಜು ಹರಾಜು ಹಾಕಿದ ಬ್ಯೂರೆಟ್ಟಿನಿಂದ.
ನಾಲ್ಕು ಕೋಣೆ, ನಾಲ್ಕು ಲೆಕ್ಕ, ಬೀಡಿಕಟ್ಟಿನ ಕಾಗದದ ಮೇಲೆ.
ಆಮೇಲೆ ಮೆಷಿನ್ ತಿರುಗಿತು.
ಎರಕದ ಕಬ್ಬಿಣ ಸುರುಳಿ ಬಿಡುವುದಿಲ್ಲ, ಉದುರುತ್ತದೆ,
ಹುರಿದು ಹುರಿದು ಕಪ್ಪಾದ ಕಾಯಿತುರಿಯ ಹಾಗೆ.
ಹತ್ತು ಥೌ. ಮತ್ತೆ ಹತ್ತು.
ಮೂರು ಕೂದಲು ಒಟ್ಟಿಟ್ಟರೆ ಹತ್ತು ಥೌ,
ಶೆಡ್ತಿಯವರದ್ದಾದರೆ ನಾಲ್ಕು ಬೇಕು.
ಅರವತ್ತಕ್ಕೆ ಪೊರ್ಬುಗಳು ಮೆಷಿನ್ನಿಗೆ "ಪುರೊ" ಎಂದರು,
ನನ್ನ ಕಡೆ ತಿರುಗಿ "ಯಾವು".

"ತೊಂಬತ್ತು ತೆಗೆಯುವ," ನಾನು,
"ಗುಡ್ಡೆ ಹಾರಿಕೊಂಡು ಹೋಗುತ್ತದೆ."

ಬೈಯಲಿಲ್ಲ. ಗೋಡೆ ಹಾರಿ
ಕಾರ್ಖಾನೆಯ ಹೊಂಡದಿಂದ ಹಿಡಿ ಜೇಡಿ ತಾ ಎಂದರು.
ನೇತ್ರಾವತಿಯ ದಂಡೆಯ ಮಣ್ಣು,
ಯಾರದೋ ಮಾಡಿನ ಹಂಚಾಗಬೇಕಿದ್ದದ್ದು,
ಅಲ್ಲೇ ಹುಲ್ಲು ಬೆಳೆಸಿಕೊಂಡು ಕೂತಿತ್ತು.

ಮಣ್ಣಗುಡ್ಡೆಯಲ್ಲಿ, ಶೆಡ್ತಿಯವರ ಅಂಗಳದಲ್ಲಿ
ಎಣ್ಣೆ ಸವರಿ ವಾಲ್ವುಗಳ ಮೇಲೆ ಜೇಡಿ ತಟ್ಟಿ,
ಹಳೆಯ ಗ್ಯಾಸ್ಕೆಟ್ಟಿಟ್ಟು ಹೆಡ್ ಬಿಗಿದು
ಹ್ಯಾಂಡಲ್ ಹಾಕಿ ತಿರುಗಿಸಿದೆ, ಎರಡು ಸುತ್ತು, ನಿಧಾನ.
ಬಿಚ್ಚಿ, ಬ್ಲೇಡಿನಿಂದ ಕೊಯ್ದು ನೋಡಿದರೆ
ವಾಲ್ವಿನ ನೆತ್ತಿಗೂ ಮುಚ್ಚಳಕ್ಕೂ ನಡುವೆ
ಒಂದು ನೀರುದೋಸೆಯ ದಪ್ಪ.

"ಇನ್ನೂ ಮೂವತ್ತು ತೆಗೆದಿದ್ದರೆ ಬಡಿಯುತ್ತಿತ್ತಾ?"
"ಬಡಿಯುತ್ತಿರಲಿಲ್ಲ."
ವಾಲ್ವಿನಿಂದ ಸಿಲಿಂಡರಿಗೆ ಇಳಿಯುವ ಆ ಸಪೂರ ದಾರಿಯ ಮೇಲೆ
ಬೆರಳಾಡಿಸಿದರು, ಉಗುರಿನ ತುಂಬ ಗ್ರೀಸು.
"ಉಸಿರು ಇಲ್ಲಿಂದಲೇ ಹೋಗಬೇಕು.
ಒತ್ತುವುದಕ್ಕೆ ಮೊದಲು ಒಳಗೆ ಬರಬೇಕಲ್ಲ ಮಾರಾಯ.
ಮತ್ತೆ, ತೆಗೆದದ್ದನ್ನು ಅಂಟಿಸುವ ಮೆಷಿನ್
ಯಾವ ಕಂಪೆನಿಯೂ ಮಾಡಿಲ್ಲ."

ಸ್ಪಾರ್ಕನ್ನು ಚೂರು ಹಿಂದಕ್ಕೆ ಸರಿಸಿ ಹೊರಟೆವು.
ಸ್ಟೇರಿಂಗಿಗೆ ಶೆಡ್ತಿ, ಪಕ್ಕದಲ್ಲಿ ಪೊರ್ಬುಗಳು,
ಹಿಂದೆ ನಾನು, ಸ್ಪ್ಯಾನರಿನ ಡಬ್ಬಿ ಮಡಿಲಲ್ಲಿ.
ಹಂಪನಕಟ್ಟೆ ದಾಟಿ ಏರು ಸುರುವಾಯಿತು.
ಸೆಕೆಂಡಿನಲ್ಲಿ ಏದಲಿಲ್ಲ.
ಅವರು ಟಾಪಿಗೆ ಹಾಕಿದರು.
ಅರ್ಧ ಗುಡ್ಡೆ ಎಳೆಯಿತು, ಬಸ್ಸು ಹಿಂದೆ ಬಿತ್ತು,
ಆಮೇಲೆ ಒಳಗೆಲ್ಲೋ ಚಿಲ್ಲರೆ ಕುಲುಕಿದ ಸದ್ದು.
ಶೆಡ್ತಿ ಏನೂ ಹೇಳದೆ ಗೇರು ಇಳಿಸಿದರು.
ಪೊರ್ಬುಗಳು ಕಿಟಕಿಯಿಲ್ಲದ ಬದಿಯಿಂದ
ಸಮುದ್ರದ ಕಡೆ ನೋಡಿದರು.

ಆ ಜೇಡಿಯ ಬಿಲ್ಲೆಯನ್ನು ಕಿಸೆಯಲ್ಲಿ ಮನೆಗೆ ತಂದು
ಅಮ್ಮನ ಬಚ್ಚಲ ಒಲೆಯ ಕೆಂಡದಲ್ಲಿಟ್ಟೆ.
ಬೆಳಿಗ್ಗೆ ಹಂಚಿನ ಬಣ್ಣ, ವಾಲ್ವಿನ ದುಂಡು,
ಬ್ಲೇಡಿನ ಗೀರು ಹಾಗೆಯೇ.
ಮೈಕ್ರೋಮೀಟರಿಗೆ ಕೊಟ್ಟೆ: ಐವತ್ತೈದು.
ಹಿಂದಿನ ದಿನ ಅರವತ್ತು ಇತ್ತು.
ಬೆಂದ ಮಣ್ಣು ಕುಗ್ಗುತ್ತದೆಂದು
ಅಲ್ಲಿಯವರೆಗೆ ಗೊತ್ತಿರಲಿಲ್ಲ ನನಗೆ,
ಅಷ್ಟು ಹಂಚುಗಳ ಕೆಳಗೆ ಹುಟ್ಟಿದವನಿಗೆ.